ದುಬಾರಿ ಫೋನ್‌ಗೆ ಸಾಲು ನಿಂತರೆ ದೇಶದ ಆರ್ಥಿಕತೆ ಚೆನ್ನಾಗಿದೆ ಅಂತಲಾ?

ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಐಫೋನ್ ಬರುತ್ತದೆ. ಅದರ ಹಿಂದೆಯೇ ಒಂದು ಫೋಟೊ ಬರುತ್ತದೆ. ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಬೆಳಗಿನ ಜಾವದಿಂದ ಅಂಗಡಿ ಬಾಗಿಲು ಕಾಯುತ್ತಿರುವ ಜನರ ಉದ್ದ ಸಾಲು. 2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಹೆಬ್ಬಾಳದ ಮಾಲ್‌ನಲ್ಲೂ ಆ್ಯಪಲ್ ತನ್ನದೇ ಮಳಿಗೆ ತೆರೆಯಿತು. ಹಾಗಾಗಿ ಈಗ ಈ ಚರ್ಚೆ ನಮ್ಮ ಊರಿನದ್ದೂ ಹೌದು.

ಚರ್ಚೆ ಯಾವಾಗಲೂ ಎರಡು ದಿಕ್ಕಿಗೆ ಹೋಗುತ್ತದೆ. "ಲಕ್ಷ ರೂಪಾಯಿ ಫೋನ್‌ಗೆ ಜನ ಮುಗಿಬೀಳ್ತಿದ್ದಾರೆ, ದೇಶದಲ್ಲಿ ದುಡ್ಡಿಲ್ಲ ಅಂತ ಹೇಳಿದ್ದು ಯಾರು?" ಅನ್ನುವವರು ಒಂದು ಕಡೆ. "ಎಲ್ಲ ಇಎಂಐ ಮೇಲೆ ತಗೊಂಡಿದ್ದು, ಬರೀ ಶೋಕಿ" ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಒಂದು ವಿಷಯದಲ್ಲಿ ಮಾತ್ರ ಒಂದೇ ಥರ ಯೋಚಿಸುತ್ತಾರೆ. ಫೋನ್ ಅಂಗಡಿಯ ಮುಂದಿನ ಸಾಲು ನೋಡಿದರೆ ದೇಶದ ಹಣಕಾಸಿನ ಆರೋಗ್ಯ ಗೊತ್ತಾಗುತ್ತದೆ ಅಂತ ಇಬ್ಬರೂ ನಂಬಿದ್ದಾರೆ.

ನನ್ನ ಪ್ರಕಾರ ಆ ಸಾಲಿಗೆ ಬೇರೆ ಎರಡು ಪ್ರಶ್ನೆ ಕೇಳಬೇಕು. ಖರ್ಚು ಮಾಡುತ್ತಿರುವವರು ಯಾರು? ಅವರು ಖರ್ಚು ಮಾಡುತ್ತಿರುವುದು ಇವತ್ತಿನ ದುಡ್ಡನ್ನೋ, ನಾಳಿನ ದುಡ್ಡನ್ನೋ? ಇವೆರಡಕ್ಕೆ ಫೋನ್ ಮಾರಾಟ ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತದೆ. ದೇಶದ ಆರೋಗ್ಯ ಹೇಗಿದೆ ಅನ್ನೋದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ.

ಒಂದು ಹಳೆಯ ಉದಾಹರಣೆ ನೋಡೋಣ. 2019ರ ಅಕ್ಟೋಬರ್. ಆರ್ಥಿಕತೆ ನಿಧಾನವಾಗಿದೆ ಅಂತ ಎಲ್ಲ ಕಡೆ ಮಾತಾಗುತ್ತಿತ್ತು. ಆಗ ಕೇಂದ್ರ ಸಚಿವರಾಗಿದ್ದ ರವಿಶಂಕರ್ ಪ್ರಸಾದ್ ಅವರು, ಗಾಂಧಿ ಜಯಂತಿ ರಜೆಯ ಒಂದೇ ದಿನ ಮೂರು ಸಿನಿಮಾಗಳು 120 ಕೋಟಿ ರೂಪಾಯಿ ಗಳಿಸಿವೆ, ಹಾಗಾದರೆ ಆರ್ಥಿಕ ಕುಸಿತ ಎಲ್ಲಿದೆ ಎಂಬ ಅರ್ಥದ ಮಾತು ಹೇಳಿದರು. ಮರುದಿನವೇ ಆ ಮಾತನ್ನು ವಾಪಸ್ ತೆಗೆದುಕೊಂಡರು. ಮುಂದಿನ ತಿಂಗಳು ಲೆಕ್ಕ ಬಂತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಬೆಳೆದದ್ದು ಶೇ 4.5ರಷ್ಟು ಮಾತ್ರ. ಆರು ವರ್ಷಗಳಲ್ಲೇ ಅದು ಕಡಿಮೆ.

ಸಿನಿಮಾ ಟಿಕೆಟ್‌ನಲ್ಲಿ ಕಾಣದ್ದು ಬಿಸ್ಕೆಟ್‌ನಲ್ಲಿ ಮೊದಲೇ ಕಂಡಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಪಾರ್ಲೆ ಪ್ರಾಡಕ್ಟ್ಸ್ ಕಂಪನಿ, ಮಾರಾಟ ಹೀಗೇ ಇಳಿಯುತ್ತಾ ಹೋದರೆ 10,000 ಜನರವರೆಗೆ ಕೆಲಸದಿಂದ ತೆಗೆಯಬೇಕಾಗಬಹುದು ಅಂದಿತ್ತು. ಅಗ್ಗದ ಬಿಸ್ಕೆಟ್ ಮೇಲೆ ಆಗ ಜಿಎಸ್‌ಟಿ ಶೇ 18 ಇದ್ದುದೂ ಒಂದು ಕಾರಣ ಅಂತ ಕಂಪನಿ ದೂರಿತ್ತು. 5 ರೂಪಾಯಿಯ ಪ್ಯಾಕ್ ಅದು. ಹಳ್ಳಿಯ ಗೂಡಂಗಡಿಯಲ್ಲಿ ಚಹಾ ಜೊತೆ ಕೂಲಿಯವರು ತಿನ್ನುವಂಥದ್ದು, ಅವಸರದ ದಿನ ಮಕ್ಕಳ ಕೈಗೆ ಕೊಟ್ಟು ಶಾಲೆಗೆ ಕಳಿಸುವಂಥದ್ದು. ಅದರಲ್ಲೂ ಜನ ಕೈ ಬಿಗಿ ಹಿಡಿದಿದ್ದಾರೆ ಅಂದರೆ ಕೆಳಗಡೆ ಏನೋ ಗಂಭೀರವಾದದ್ದು ನಡೆಯುತ್ತಿದೆ ಅಂತಲೇ ಅರ್ಥ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅಂತೀವಿ. ಅದು ನಿಜ, ಯಾಕೆಂದರೆ ಪಾತ್ರೆಯ ಎಲ್ಲ ಅಕ್ಕಿಗೂ ಒಂದೇ ನೀರು, ಒಂದೇ ಉರಿ. ಒಂದು ದೇಶದ ಎಲ್ಲ ಮನೆಗಳಿಗೂ ಒಂದೇ ಉರಿ ಸಿಗುವುದಿಲ್ಲ. ಹಾಗಾಗಿ ಯಾವ ಅಗುಳನ್ನು ಹಿಸುಕಿ ನೋಡುತ್ತಿದ್ದೇವೆ ಅನ್ನೋದೇ ಇಲ್ಲಿ ಮುಖ್ಯ.

ಎಷ್ಟು ಜನ, ಎಷ್ಟು ದುಡ್ಡು

ಸ್ವಲ್ಪ ಲೆಕ್ಕ ಹಾಕೋಣ. ಕಷ್ಟದ ಲೆಕ್ಕವೇನಲ್ಲ.

ಮಾರುಕಟ್ಟೆ ಸಂಶೋಧನೆ ಮಾಡುವ ಐಡಿಸಿ ಸಂಸ್ಥೆಯ ಪ್ರಕಾರ 2024ರಲ್ಲಿ ಭಾರತದಲ್ಲಿ ಕಂಪನಿಗಳು ಸುಮಾರು 15.1 ಕೋಟಿ ಸ್ಮಾರ್ಟ್‌ಫೋನ್‌ಗಳನ್ನು ಮಾರುಕಟ್ಟೆಗೆ ಬಿಟ್ಟವು. ಅದರಲ್ಲಿ ಐಫೋನ್ ಸುಮಾರು 1.2 ಕೋಟಿ. ಆ್ಯಪಲ್‌ಗೆ ಅದು ದೊಡ್ಡ ಸಂಖ್ಯೆ. ಜಗತ್ತಿನಲ್ಲಿ ಅದರ ನಾಲ್ಕನೇ ದೊಡ್ಡ ಮಾರುಕಟ್ಟೆ ಭಾರತ ಆಗಿದ್ದು ಇದರಿಂದಲೇ. ಆದರೆ 140 ಕೋಟಿ ಜನರ ದೇಶದಲ್ಲಿ 1.2 ಕೋಟಿ ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಒಂದು ಮನೆಗೆ ಒಂದೇ ಫೋನ್ ಹೋಗಿದೆ ಅಂದುಕೊಂಡರೂ, 30 ಕೋಟಿ ಮನೆಗಳಲ್ಲಿ ನೂರಕ್ಕೆ ನಾಲ್ಕು ಮನೆ. ಉಳಿದ 96 ಮನೆಯಲ್ಲಿ ಏನೇ ಆಗಿರಲಿ, ಅಂಗಡಿ ಮುಂದಿನ ಸಾಲು ಅಷ್ಟೇ ಉದ್ದ ಇರುತ್ತದೆ.

ದುಡ್ಡಿನ ಲೆಕ್ಕದಲ್ಲೂ ಹಾಗೇ. ಒಂದು ಫೋನ್‌ಗೆ ಸರಾಸರಿ 70,000 ರೂಪಾಯಿ ಅಂತ ಹಿಡಿಯೋಣ. 1.2 ಕೋಟಿ ಫೋನ್‌ಗೆ 84,000 ಕೋಟಿ ರೂಪಾಯಿ ಆಯಿತು. ಕೇಳಲು ದೊಡ್ಡ ಮೊತ್ತ. ಆದರೆ 2024-25ರಲ್ಲಿ ದೇಶದ ಎಲ್ಲ ಮನೆಗಳ ಒಟ್ಟು ಖರ್ಚು ಸುಮಾರು 200 ಲಕ್ಷ ಕೋಟಿ ರೂಪಾಯಿ. ಅದರ ಮುಂದೆ ಐಫೋನ್ ಖರ್ಚು ನೂರು ರೂಪಾಯಿಗೆ ನಲವತ್ತು ಪೈಸೆಯಷ್ಟು. ಈ ನಲವತ್ತು ಪೈಸೆ ಮುಂದಿನ ವರ್ಷ ಐವತ್ತಾಗಬಹುದು. ಉಳಿದ ತೊಂಬತ್ತೊಂಬತ್ತೂವರೆ ರೂಪಾಯಿ ಏನಾಯಿತು ಅಂತ ಅದರಿಂದ ಊಹಿಸಲು ಆಗುವುದಿಲ್ಲ.

ಕೇಂದ್ರ ಸರ್ಕಾರದ ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆ ಅಂತ ಒಂದಿದೆ. 2023-24ರಲ್ಲಿ ಊಟ, ಬಟ್ಟೆ, ಬಸ್ಸು, ಔಷಧಿ, ಶಾಲೆ ಎಲ್ಲ ಸೇರಿ ಹಳ್ಳಿಯಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂಪಾಯಿ. ನಗರದಲ್ಲಿ 6,996. ಆ ಸಮಯಕ್ಕೆ ಹೊಸ ಐಫೋನ್‌ನ ಆರಂಭಿಕ ಬೆಲೆ 79,900. ಹಳ್ಳಿಯ ಒಬ್ಬರು ಹತ್ತೊಂಬತ್ತು ತಿಂಗಳು ಬದುಕಲು ಮಾಡುವ ಖರ್ಚು ಅದು. ನಗರದಲ್ಲಿ ಅತಿ ಹೆಚ್ಚು ಖರ್ಚು ಮಾಡುವ ಶೇ 5ರಷ್ಟು ಜನರಿಗೂ ಅದು ಸುಮಾರು ನಾಲ್ಕು ತಿಂಗಳ ಖರ್ಚು, ಯಾಕೆಂದರೆ ಅವರ ತಿಂಗಳ ಸರಾಸರಿ 20,310. ತೀರಾ ಶ್ರೀಮಂತರು ಇಂಥ ಸಮೀಕ್ಷೆಗಳಿಗೆ ಸರಿಯಾಗಿ ಸಿಗುವುದಿಲ್ಲ, ಸಿಕ್ಕರೂ ಪೂರ್ತಿ ಹೇಳುವುದಿಲ್ಲ. ಹಾಗಾಗಿ ಮೇಲಿನವರ ನಿಜವಾದ ಖರ್ಚು ಇದಕ್ಕಿಂತ ಜಾಸ್ತಿ ಇದ್ದೀತು. ಅಂತರ ಮಾತ್ರ ಅದರಿಂದ ಇನ್ನೂ ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ಫೋನ್ ಒಬ್ಬ ಮನುಷ್ಯನ ಬಗ್ಗೆ ಹೇಳುತ್ತದೆ ಅನ್ನೋದು ನಿಜ. ಷಿಕಾಗೊ ವಿಶ್ವವಿದ್ಯಾಲಯದ ಮರಿಯಾನ್ ಬರ್ಟ್ರಾಂಡ್ ಮತ್ತು ಎಮಿರ್ ಕಮೆನಿಕಾ ಅಮೆರಿಕದ ಮನೆಗಳ ಖರೀದಿ ಲೆಕ್ಕ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. 2016ರ ಲೆಕ್ಕದಲ್ಲಿ, ಒಬ್ಬರ ಬಳಿ ಐಫೋನ್ ಇದೆ ಅಂತ ಗೊತ್ತಾದರೆ ಅವರು ಹೆಚ್ಚು ಆದಾಯದವರು ಅಂತ ಶೇ 69ರಷ್ಟು ಸರಿಯಾಗಿ ಊಹಿಸಬಹುದಿತ್ತು. ಬೇರೆ ಯಾವ ಬ್ರ್ಯಾಂಡ್‌ನಿಂದಲೂ ಅಷ್ಟು ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. 1992ರ ಲೆಕ್ಕದಲ್ಲಿ ಆ ಜಾಗದಲ್ಲಿ ಇದ್ದದ್ದು ಒಂದು ದುಬಾರಿ ಸಾಸಿವೆ ಸಾಸ್! ಆದರೆ ಇದೆಲ್ಲ ಒಂದೇ ದೇಶದೊಳಗೆ ಯಾರು ಮೇಲೆ, ಯಾರು ಕೆಳಗೆ ಅನ್ನುವ ಮಾತು. ಇಡೀ ದೇಶ ಮೇಲೇರುತ್ತಿದೆಯಾ ಅನ್ನೋದು ಬೇರೆಯದೇ ಪ್ರಶ್ನೆ.

ಮೊಬೈಲ್ ಮಾರಾಟ ಕುಸಿಯದ ಕುಸಿತದ ವರ್ಷ

ಇದಕ್ಕೆ 2020ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೊರೊನಾ ಬಂತು, ಲಾಕ್‌ಡೌನ್ ಆಯಿತು. 2020-21ರಲ್ಲಿ ದೇಶದ ಜಿಡಿಪಿ ಶೇ 5.8ರಷ್ಟು ಕುಗ್ಗಿತು. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಮಣ್ಣು ಹೊರಲು ಹೋದ ಮನೆಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 5.5 ಕೋಟಿಯಿಂದ 7.5 ಕೋಟಿಗೆ ಏರಿತು. ನಗರ ಬಿಟ್ಟು ನಡೆದು ಬಂದವರು ಊರಿನಲ್ಲಿ ಕೆಲಸ ಕೇಳಿದ ವರ್ಷ ಅದು. ಅದರ ಜೊತೆಗೆ ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ 12ರಿಂದ 18ಕ್ಕೆ ಏರಿತ್ತು.

ಆದರೂ ಆ ಕ್ಯಾಲೆಂಡರ್ ವರ್ಷ ಸುಮಾರು 15 ಕೋಟಿ ಸ್ಮಾರ್ಟ್‌ಫೋನ್ ಮಾರುಕಟ್ಟೆಗೆ ಬಂದವು. ಹಿಂದಿನ ವರ್ಷಕ್ಕಿಂತ ಶೇ 2ಕ್ಕೂ ಕಡಿಮೆ ಇಳಿಕೆ ಅಷ್ಟೇ. ಮರುವರ್ಷ, ಎರಡನೇ ಅಲೆ ಅಷ್ಟೆಲ್ಲ ಜೀವ ತೆಗೆದ 2021ರಲ್ಲಿ, 16.1 ಕೋಟಿ ಫೋನ್‌ಗಳ ದಾಖಲೆ ಆಯಿತು.

ಕಾರಣ ಎಲ್ಲರಿಗೂ ಗೊತ್ತು. ಶಾಲೆ ಫೋನಿಗೆ ಬಂತು, ಆಫೀಸು ಫೋನಿಗೆ ಬಂತು. ಎರಡು ಮಕ್ಕಳಿದ್ದ ಮನೆಯಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಕ್ಲಾಸು, ಒಂದು ಫೋನ್ ಸಾಲದಾಯಿತು. ಆ ವರ್ಷ ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳಿಗೆ ಚಂದನ ವಾಹಿನಿಯ ಪಾಠ ತೋರಿಸಲು ಮಾಂಗಲ್ಯ ಒತ್ತೆ ಇಟ್ಟು ಟಿವಿ ತಂದ ಸುದ್ದಿ ಬಂದಿತ್ತು. ಓದಿದವರಿಗೆ ಇನ್ನೂ ನೆನಪಿರಬಹುದು. ಈಗ ಅರ್ಥಶಾಸ್ತ್ರದ ಲೆಕ್ಕ ನೋಡಿ. ಆ ಟಿವಿ ಜಿಡಿಪಿಯ ಬಳಕೆ ವೆಚ್ಚಕ್ಕೆ ಸೇರುತ್ತದೆ. ಅಂಗಡಿಯವರ ಮಾರಾಟಕ್ಕೆ ಸೇರುತ್ತದೆ, ತೆರಿಗೆ ವಸೂಲಿಗೂ ಸೇರುತ್ತದೆ. ಮಾಂಗಲ್ಯ ಒತ್ತೆ ಹೋದದ್ದು ಮಾತ್ರ ಆ ಯಾವ ಪುಟದಲ್ಲೂ ಕಾಣುವುದಿಲ್ಲ. ಅದು ಸಾಲದ ಲೆಕ್ಕದಲ್ಲಿ ಇರುತ್ತದೆ, ಅದೂ ಒತ್ತೆ ಇಟ್ಟದ್ದು ಬ್ಯಾಂಕಿನಲ್ಲಾದರೆ. ಊರಿನ ಲೇವಾದೇವಿಯವರ ಹತ್ತಿರ ಆದರೆ ಎಲ್ಲೂ ಇಲ್ಲ.

ವಸ್ತು ಮಾರಾಟವಾಯಿತು ಅಂದಮಾತ್ರಕ್ಕೆ ಕೊಂಡವರ ಕೈಯಲ್ಲಿ ದುಡ್ಡಿತ್ತು ಅಂತಲ್ಲ. ಈ ಒಂದು ಉದಾಹರಣೆಯನ್ನು ಮರೆಯಬಾರದು ಅಂತ ನನಗನ್ನಿಸುತ್ತದೆ. ಫೋನ್ ಈಗ ಅಕ್ಕಿ ಬೇಳೆಯ ಪಕ್ಕದಲ್ಲೇ ಬರುವ ವಸ್ತು. ಆಟೊ ಓಡಿಸುವವರಿಗೆ, ಊಟ ತಲುಪಿಸುವ ಹುಡುಗರಿಗೆ, ಮಾರುಕಟ್ಟೆ ದರ ನೋಡುವ ಟೊಮೆಟೊ ಬೆಳೆಗಾರರಿಗೆ, ಮದುವೆಯ ರೀಲ್ಸ್ ಮಾಡಿಕೊಡುವ ಹುಡುಗಿಗೆ ಅದು ಕೆಲಸದ ಸಾಮಾನು. ಒಳ್ಳೆ ಕ್ಯಾಮೆರಾ ಇದ್ದರೆ ಆ ಹುಡುಗಿಗೆ ಇನ್ನೊಂದು ಮದುವೆ ಸಿಗುತ್ತದೆ. ಅವಳ 80,000ದ ಫೋನ್ ಶೋಕಿಯ ಖರ್ಚೋ, ಕಸುಬಿಗೆ ಹಾಕಿದ ಬಂಡವಾಳವೋ?

ಸರಾಸರಿ ಬೆಲೆ ಏರುವುದು ಹೇಗೆ

ಪತ್ರಿಕೆಗಳಲ್ಲಿ ಈಗ ಜಾಸ್ತಿ ಕಾಣುವ ಸುದ್ದಿ ಇದು: "ಭಾರತೀಯರು ಕೊಳ್ಳುವ ಫೋನ್‌ನ ಸರಾಸರಿ ಬೆಲೆ ದಾಖಲೆ ಮಟ್ಟಕ್ಕೆ." ಅದು ನಿಜವೇ. ಐಡಿಸಿ ಲೆಕ್ಕದಲ್ಲಿ 2024ರ ಸರಾಸರಿ 259 ಡಾಲರ್. ನಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ 22,000 ರೂಪಾಯಿ. ಓದಿದ ತಕ್ಷಣ ಎಲ್ಲರೂ ಒಂದು ಮೆಟ್ಟಿಲು ಮೇಲೇರಿದ್ದಾರೆ ಅನ್ನಿಸುತ್ತದೆ.

ಒಂದು ಚಿಕ್ಕ ಲೆಕ್ಕ ಮಾಡಿ. ಒಂದು ಬೀದಿಯಲ್ಲಿ ಈ ವರ್ಷ ಹತ್ತು ಜನ ಫೋನ್ ಕೊಂಡರು ಅಂದುಕೊಳ್ಳಿ. ಒಂಬತ್ತು ಜನ 12,000ದ್ದು, ಒಬ್ಬರು 80,000ದ್ದು. ಒಟ್ಟು 1,88,000, ಸರಾಸರಿ 18,800. ಮುಂದಿನ ವರ್ಷ ಕೆಳಗಿನ ಇಬ್ಬರು "ಇನ್ನೊಂದು ವರ್ಷ ಹಳೇದೇ ಓಡಿಸೋಣ" ಅಂದರು. ಮೇಲೆ ಒಬ್ಬರು ಹೊಸದಾಗಿ ಸೇರಿದರು. ಈಗ ಏಳು ಜನ 12,000ದ್ದು, ಇಬ್ಬರು 80,000ದ್ದು. ಒಟ್ಟು 2,44,000, ಸರಾಸರಿ 27,000ಕ್ಕೂ ಜಾಸ್ತಿ. ವ್ಯಾಪಾರ ಶೇ 30ರಷ್ಟು ಏರಿತು, ಸರಾಸರಿ ಬೆಲೆ ಶೇ 44ರಷ್ಟು ಏರಿತು. ಫೋನ್ ಕೊಂಡವರ ಸಂಖ್ಯೆ ಮಾತ್ರ ಹತ್ತರಿಂದ ಒಂಬತ್ತಕ್ಕೆ ಇಳಿಯಿತು.

ನಮ್ಮ ಮಾರುಕಟ್ಟೆಯಲ್ಲಿ ಆಗಿರುವುದು ಇದರ ಹತ್ತಿರದ ಸಂಗತಿಯೇ. 2021ರ 16.1 ಕೋಟಿ 2022ರಲ್ಲಿ 14.4 ಕೋಟಿಗೆ ಬಿತ್ತು. 2024ರಲ್ಲಿ 15.1 ಕೋಟಿ ಮುಟ್ಟಿದರೂ ಹಳೆಯ ದಾಖಲೆಗೆ ತಲುಪಲಿಲ್ಲ. ಅದೇ ಹೊತ್ತಿಗೆ ದುಬಾರಿ ಫೋನ್‌ಗಳ ಪಾಲು ಬೆಳೆಯುತ್ತಾ ಹೋಯಿತು. ಇದರಲ್ಲಿ ಎಲ್ಲವೂ ಬಡತನದ ಕಥೆ ಅಂತ ನಾನು ಹೇಳುವುದಿಲ್ಲ. ಫೋನ್‌ಗಳು ಈಗ ಹೆಚ್ಚು ಕಾಲ ಬಾಳಿಕೆ ಬರುತ್ತವೆ. ಸೆಕೆಂಡ್ ಹ್ಯಾಂಡ್ ವ್ಯಾಪಾರ ಬೆಳೆದಿದೆ. 5ಜಿ ಬಂದ ಮೇಲೆ 10,000ದೊಳಗೆ ಒಳ್ಳೆ ಫೋನ್ ಮಾಡಿ ಕೊಡುವುದೇ ಕಂಪನಿಗಳಿಗೆ ಕಷ್ಟವಾಯಿತು. ರೂಪಾಯಿ ಬೆಲೆ ಕುಸಿದರೆ ಹೊರಗಿನಿಂದ ಬರುವ ಬಿಡಿಭಾಗ ತುಟ್ಟಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ಅವುಗಳ ಬೆಲೆಯೂ ಜೋರಾಗಿ ಏರಿತು. ಬೆಲೆ ಏರಲು ಇಷ್ಟೆಲ್ಲ ಕಾರಣ ಇರುವಾಗ, ಏರಿದ ಬೆಲೆಯನ್ನು ಜನರ ಏಳಿಗೆ ಅಂತ ಓದುವುದು ತಪ್ಪು.

ಇನ್ನೊಂದು ಮಾತು. ಈ ಸಂಖ್ಯೆಗಳೆಲ್ಲ ಕಂಪನಿಯಿಂದ ವಿತರಕರಿಗೂ ಅಂಗಡಿಗಳಿಗೂ ಹೋದ ಫೋನ್‌ಗಳದ್ದು. ದೀಪಾವಳಿಗೆ ಅಂತ ತುಂಬಿಸಿಟ್ಟ ಮಾಲು ಜನವರಿಯಲ್ಲೂ ಗೋಡೌನ್‌ನಲ್ಲೇ ಇರಬಹುದು. ಗಿರಾಕಿಯ ಕೈ ಸೇರಿದ ಲೆಕ್ಕ ಅದಲ್ಲ.

ಫೋನ್ ಬಿಟ್ಟು ರಸ್ತೆ ನೋಡಿದರೂ ಇದೇ ಚಿತ್ರ. 2018-19ರಲ್ಲಿ ದೇಶದಲ್ಲಿ ಸುಮಾರು 2.12 ಕೋಟಿ ದ್ವಿಚಕ್ರ ವಾಹನ ಮಾರಾಟವಾಗಿತ್ತು. 2021-22ಕ್ಕೆ ಅದು 1.35 ಕೋಟಿಗೆ ಇಳಿಯಿತು. 2024-25ರಲ್ಲಿ 1.96 ಕೋಟಿ. ಆರು ವರ್ಷ ಕಳೆದರೂ ಹಳೆಯ ಜಾಗಕ್ಕೆ ಬಂದಿರಲಿಲ್ಲ. ಅದೇ ಆರು ವರ್ಷದಲ್ಲಿ ಕಾರು, ಎಸ್‌ಯುವಿಗಳ ಮಾರಾಟ ಸುಮಾರು 34 ಲಕ್ಷದಿಂದ 43 ಲಕ್ಷಕ್ಕೆ ಹೋಗಿ ದಾಖಲೆ ಮಾಡಿತು. ಮೊದಲ ಬೈಕ್ ಕೊಳ್ಳುವ ಮನೆಯವರು ಹಿಂದೆ ನಿಂತರು, ದೊಡ್ಡ ಕಾರು ಕೊಳ್ಳುವವರು ಮುಂದೆ ಹೋದರು. ಅರ್ಥಶಾಸ್ತ್ರಜ್ಞರು ಇದನ್ನು 'ಕೆ' ಆಕಾರದ ಚೇತರಿಕೆ ಅನ್ನುತ್ತಾರೆ. ಇಂಗ್ಲಿಷ್‌ನ ಆ ಅಕ್ಷರದ ಒಂದು ಕೈ ಮೇಲಕ್ಕೆ, ಒಂದು ಕಾಲು ಕೆಳಕ್ಕೆ. 2024ರ ಅಕ್ಟೋಬರ್‌ನಲ್ಲಿ ನೆಸ್ಲೆ ಇಂಡಿಯಾದ ಆಗಿನ ಮುಖ್ಯಸ್ಥ ಸುರೇಶ್ ನಾರಾಯಣನ್ ಅವರೂ ಮಾರುಕಟ್ಟೆಯ ನಡುವಿನ ವರ್ಗ ಕುಗ್ಗುತ್ತಿರುವಂತೆ ಕಾಣುತ್ತದೆ ಎಂಬ ಮಾತು ಹೇಳಿದ್ದರು.

ನಾಳಿನ ಸಂಬಳದಲ್ಲಿ ಇವತ್ತಿನ ಫೋನ್

ಈಗ ಎರಡನೇ ಪ್ರಶ್ನೆಗೆ ಬರೋಣ. ಯಾವ ದುಡ್ಡು?

ಜಿಲ್ಲಾ ಕೇಂದ್ರದ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ನೋಡಿ. ಗಾಜಿನ ಕೌಂಟರ್‌ನ ಪಕ್ಕ ಒಂದು ಚಿಕ್ಕ ಟೇಬಲ್, ಅಲ್ಲಿ ಫೈನಾನ್ಸ್ ಕಂಪನಿಯ ಹುಡುಗ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ನಂಬರ್ ಕೊಟ್ಟರೆ ಅವನು ಅಲ್ಲೇ ಸಿಬಿಲ್ ಸ್ಕೋರ್, ಅಂದರೆ ಹಳೆ ಸಾಲ ಸರಿಯಾಗಿ ತೀರಿಸಿದ್ದೀರಾ ಅನ್ನೋದಕ್ಕೆ ಸಿಗುವ ಅಂಕ, ನೋಡುತ್ತಾನೆ. "ಡೌನ್ ಪೇಮೆಂಟ್ ಎಷ್ಟು ಕಟ್ತೀರ ಸರ್?" ಅನ್ನುತ್ತಾನೆ. ಎಲ್ಲ ಸರಿ ಇದ್ದರೆ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಸಾಲ ಆಗಿರುತ್ತದೆ. ಕೆಲವು ಸಾಲಗಳಲ್ಲಿ ಫೋನಿನೊಳಗೆ ಒಂದು ಆ್ಯಪ್ ಹಾಕುತ್ತಿದ್ದರು. ಕಂತು ತಪ್ಪಿದರೆ ಫೋನ್ ಲಾಕ್ ಆಗುತ್ತಿತ್ತು.

'ನೋ ಕಾಸ್ಟ್ ಇಎಂಐ' ಅನ್ನೋದನ್ನು ಒಮ್ಮೆ ಬಿಡಿಸಿ ನೋಡಬೇಕು. 2013ರಲ್ಲೇ ರಿಸರ್ವ್ ಬ್ಯಾಂಕ್, ಶೂನ್ಯ ಬಡ್ಡಿ ಅಂತ ಹೇಳಿ ಬ್ಯಾಂಕುಗಳು ಸಾಲ ಕೊಡುವಂತಿಲ್ಲ ಅಂದಿತು. ಹಾಗಾಗಿ ಬಡ್ಡಿ ಇದ್ದೇ ಇರುತ್ತದೆ. ಆ ಬಡ್ಡಿಯಷ್ಟು ಮೊತ್ತವನ್ನು ಕಂಪನಿಯೋ ಅಂಗಡಿಯೋ ಮೊದಲೇ ರಿಯಾಯಿತಿ ಅಂತ ಕಳೆದುಬಿಡುತ್ತದೆ. 79,900ರ ಫೋನ್ ಆರು ಕಂತಿನಲ್ಲಿ, ವರ್ಷಕ್ಕೆ ಶೇ 16 ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸುಮಾರು 13,317 ಕಟ್ಟುತ್ತೀರಿ. ಅದರಲ್ಲಿ ಅಸಲು ಸುಮಾರು 76,300, ಬಡ್ಡಿ ಸುಮಾರು 3,600. ಆ 3,600 ರಿಯಾಯಿತಿಯಾಗಿ ಬಂದಿರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ಕ್ರೆಡಿಟ್ ಕಾರ್ಡ್ ಮೇಲಾದರೆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಸುಮಾರು 650. ಪ್ರೊಸೆಸಿಂಗ್ ಫೀ ಬೇರೆ. ಪೂರ್ತಿ ದುಡ್ಡು ಒಟ್ಟಿಗೆ ಕೊಡುವವರಿಗೂ ಆ 3,600 ಕಡಿಮೆ ಮಾಡಿ ಕೊಡಬಹುದಿತ್ತು ಅಲ್ವಾ? ಎಷ್ಟೋ ಕಡೆ ಮಾಡುವುದಿಲ್ಲ.

ಇಲ್ಲಿ ಇಎಂಐ ಮಾಡಿದವರನ್ನು ಬೈಯುವ ಉದ್ದೇಶ ನನಗಿಲ್ಲ. ಒಬ್ಬರು ಹನ್ನೆರಡು ಕಂತಿಗೆ ಸಹಿ ಹಾಕುತ್ತಾರೆ ಅಂದರೆ ಹನ್ನೆರಡು ತಿಂಗಳು ಸಂಬಳ ಬರುತ್ತದೆ ಅಂತ ಅವರಿಗೆ ನಂಬಿಕೆ ಇದೆ. ಆ ನಂಬಿಕೆಯೂ ಆರ್ಥಿಕತೆಯ ಬಗ್ಗೆ ಒಂದು ಸುದ್ದಿಯೇ. ಸಾಲ ಕೊಡುವವರಿಗೂ ಧೈರ್ಯ ಇದೆ ಅಂತ ಅದರಿಂದ ಗೊತ್ತಾಗುತ್ತದೆ. ಆದರೆ ಧೈರ್ಯ ಅತಿಯಾದರೆ ಮಾರಾಟ ಏರುತ್ತಲೇ ಇರುತ್ತದೆ, ಆದಾಯ ನಿಂತಲ್ಲೇ ಇರುತ್ತದೆ. 2022-23ರಲ್ಲಿ ಭಾರತದ ಮನೆಗಳ ನಿವ್ವಳ ಹಣಕಾಸು ಉಳಿತಾಯ (ಉಳಿಸಿದ ದುಡ್ಡಿನಲ್ಲಿ ಹೊಸ ಸಾಲ ಕಳೆದು ಉಳಿದದ್ದು) ಜಿಡಿಪಿಯ ಶೇ 5.1ಕ್ಕೆ ಇಳಿಯಿತು ಅಂತ ರಿಸರ್ವ್ ಬ್ಯಾಂಕ್ ಹೇಳಿದಾಗ ದೊಡ್ಡ ಚರ್ಚೆಯಾಯಿತು. ದಶಕಗಳಲ್ಲೇ ಕಡಿಮೆ ಮಟ್ಟ ಅದು. ಅದೇ ವರ್ಷ ಮನೆಗಳು ಹೊಸದಾಗಿ ಮಾಡಿದ ಸಾಲ ಜಿಡಿಪಿಯ ಶೇ 5.8. ಅದರಲ್ಲಿ ಮನೆ ಸಾಲ, ಕಾರು ಸಾಲವೂ ಸೇರಿವೆ. ಎಲ್ಲವನ್ನೂ ಫೋನ್ ತಲೆಗೆ ಕಟ್ಟುವ ಹಾಗಿಲ್ಲ. ಆದರೆ 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್, ಅಡಮಾನ ಇಲ್ಲದ ಗ್ರಾಹಕ ಸಾಲಗಳ ರಿಸ್ಕ್ ವೇಟ್ ಅನ್ನು ಶೇ 100ರಿಂದ 125ಕ್ಕೆ ಏರಿಸಿತು. ಅಂದರೆ ಇಂಥ ಸಾಲ ಕೊಡುವ ಸಂಸ್ಥೆ ಅದಕ್ಕೆ ಎದುರಾಗಿ ತನ್ನ ಬಂಡವಾಳವನ್ನು ಜಾಸ್ತಿ ಇಟ್ಟುಕೊಳ್ಳಬೇಕು. ಈ ಸಾಲಗಳು ಬೆಳೆಯುತ್ತಿದ್ದ ವೇಗ ನೋಡಿ ರಿಸರ್ವ್ ಬ್ಯಾಂಕಿಗೇ ಕಳವಳ ಆಗಿತ್ತು.

ಕಷ್ಟ ಕಾಲದಲ್ಲೇ ಚಿಕ್ಕ ಐಷಾರಾಮದ ಮಾರಾಟ ಏರುತ್ತದೆ ಅನ್ನುವ ವಾದವೂ ಇದೆ. 2001ರಲ್ಲಿ ಸೌಂದರ್ಯವರ್ಧಕ ಮಾಡುವ ಎಸ್ಟೀ ಲಾಡರ್ ಕಂಪನಿಯ ಲಿಯೊನಾರ್ಡ್ ಲಾಡರ್, ಅಮೆರಿಕದಲ್ಲಿ ಆರ್ಥಿಕತೆ ಬಿದ್ದಾಗ ಲಿಪ್‌ಸ್ಟಿಕ್ ಮಾರಾಟ ಏರಿದ್ದನ್ನು ತೋರಿಸಿದ್ದರು. ದೊಡ್ಡದು ಕೊಳ್ಳಲು ಆಗದವರು ಚಿಕ್ಕದರಲ್ಲಿ ಸಮಾಧಾನ ಪಡುತ್ತಾರೆ ಅಂತ. ಮುಂದಿನ ವರ್ಷಗಳಲ್ಲಿ ಈ ಸಂಬಂಧ ಗಟ್ಟಿಯಾಗಿ ನಿಲ್ಲಲಿಲ್ಲ. ಆದರೂ ಬೆಂಗಳೂರಿನ ಮನೆ ಬೆಲೆ ನೋಡಿದಾಗ ಆ ವಾದ ಪೂರ್ತಿ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಒಂದು ಕೋಟಿಯ ಫ್ಲ್ಯಾಟ್‌ಗೆ ಶೇ 20 ಮಾತ್ರ ಕೈಯಿಂದ ಹಾಕಬೇಕು ಅಂತಿಟ್ಟುಕೊಂಡರೂ 20 ಲಕ್ಷ. 80,000ದ ಫೋನ್ ಬಿಟ್ಟರೆ ಅದರ ಶೇ 4 ಉಳಿಯುತ್ತದೆ. ಇಪ್ಪತ್ತೈದು ಫೋನ್ ತ್ಯಾಗ ಮಾಡಿದರೆ ಮುಂಗಡ ಆಗುತ್ತದೆ, ಅಷ್ಟರಲ್ಲಿ ಫ್ಲ್ಯಾಟ್ ಬೆಲೆ ಎಲ್ಲಿಗೋ ಹೋಗಿರುತ್ತದೆ. 27 ವರ್ಷದ ಹುಡುಗನೊಬ್ಬ ಮನೆಯ ಆಸೆ ಬಿಟ್ಟು ಫೋನ್ ಕೊಂಡರೆ ಅದನ್ನು ದುಂದು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸಂಪತ್ತಿನ ಗುರುತು ಅನ್ನುವುದಂತೂ ಸಾಧ್ಯವೇ ಇಲ್ಲ.

ತಯಾರಿಕೆ ಬೇರೆ, ಖರೀದಿ ಬೇರೆ

ಒಂದೇ ಫೋನ್ ಒಂದು ದೇಶದ ಜಿಡಿಪಿಯನ್ನೇ ಅಲ್ಲಾಡಿಸಬಹುದು ಅಂತ ಲೆಕ್ಕ ಹಾಕಿದವರೂ ಇದ್ದಾರೆ. 2012ರ ಸೆಪ್ಟೆಂಬರ್‌ನಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಅರ್ಥಶಾಸ್ತ್ರಜ್ಞ ಮೈಕಲ್ ಫೆರೋಲಿ, ಐಫೋನ್ 5ರ ಮಾರಾಟದಿಂದ ಅಮೆರಿಕದ ಆ ವರ್ಷದ ಕೊನೆಯ ತ್ರೈಮಾಸಿಕದ ಬೆಳವಣಿಗೆ ದರಕ್ಕೆ 0.25ರಿಂದ 0.5 ಶೇಕಡಾ ಅಂಶ ಸೇರಬಹುದು ಅಂತ ಅಂದಾಜು ಮಾಡಿದ್ದರು. ಅವರು ಆಮದು ಬಿಡಿಭಾಗಗಳ ಮೊತ್ತ ಕಳೆದೇ ಲೆಕ್ಕ ಹಾಕಿದ್ದರು. ಇದು ಮುಖ್ಯ. 80,000ದ ಫೋನ್ ಕೊಂಡರೆ ಜಿಡಿಪಿಗೆ 80,000 ಸೇರುವುದಿಲ್ಲ. ಹೊರಗಿನಿಂದ ಬಂದ ಚಿಪ್, ಡಿಸ್‌ಪ್ಲೇ, ಕ್ಯಾಮೆರಾಗಳ ಬೆಲೆ ಕಳೆಯಬೇಕು. ಉಳಿಯುವುದು ಇಲ್ಲಿ ಜೋಡಿಸಿದ ಕೆಲಸ, ಸಾಗಣೆ, ಅಂಗಡಿಯ ಲಾಭ, ತೆರಿಗೆ ಇಂಥವು.

ಆರು ವರ್ಷ ಕಳೆದ ಮೇಲೆ ಉಲ್ಟಾ ಕಥೆ ನಡೆಯಿತು. 2019ರ ಜನವರಿ 2ರಂದು ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದು, 8,900 ಕೋಟಿಯಿಂದ 9,300 ಕೋಟಿ ಡಾಲರ್ ಅಂದಿದ್ದ ಆದಾಯದ ಅಂದಾಜನ್ನು 8,400 ಕೋಟಿಗೆ ಇಳಿಸಿದರು. ಮುಖ್ಯ ಕಾರಣ ಚೀನಾದ ಆರ್ಥಿಕತೆ ನಿಧಾನವಾಗಿದ್ದು ಅಂದರು. ಅದೇ ಪತ್ರದಲ್ಲಿ ಬ್ಯಾಟರಿ ಬದಲಾವಣೆಯ ಬೆಲೆ ಇಳಿಸಿದ್ದರಿಂದ ಜನ ಹಳೆ ಫೋನನ್ನೇ ಮುಂದುವರಿಸಿದರು ಅನ್ನುವ ಮಾತೂ ಇತ್ತು. ಚೀನಾದಲ್ಲಿ ಆಗ ಅಲ್ಲಿನದೇ ಫೋನ್ ಕಂಪನಿ ಹುವಾವೇ ಜೋರಾಗಿ ಬೆಳೆಯುತ್ತಿತ್ತು. ಆರ್ಥಿಕತೆಯ ಪಾಲು ಎಷ್ಟು, ಬ್ಯಾಟರಿಯ ಪಾಲು ಎಷ್ಟು, ಪೈಪೋಟಿಯ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಂಪನಿಗೇ ಕಷ್ಟ.

ಕರ್ನಾಟಕದಲ್ಲಿ ಇನ್ನೊಂದು ಗೊಂದಲ ಇದೆ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿ ಹತ್ತಿರ ಐಫೋನ್ ತಯಾರಾಗುತ್ತವೆ. 2024-25ರಲ್ಲಿ ಭಾರತದಿಂದ ಸುಮಾರು 2 ಲಕ್ಷ ಕೋಟಿ ರೂಪಾಯಿಯ ಮೊಬೈಲ್ ರಫ್ತಾದವು. ಇದು ಒಳ್ಳೆಯ ಸುದ್ದಿ. ಸಾವಿರಾರು ಹೆಣ್ಣುಮಕ್ಕಳಿಗೆ ಮೊದಲ ಸಂಬಳ ಸಿಕ್ಕಿದೆ. ಆದರೆ ಆ ಫೋನ್‌ಗಳಲ್ಲಿ ಬಹುಪಾಲು ಕೊಳ್ಳುವವರು ಅಮೆರಿಕ ಮತ್ತು ಬೇರೆ ದೇಶದವರು. ಕಾರ್ಖಾನೆ ಭರಾಟೆಯಿಂದ ನಡೆದರೆ ಅದು ಅಲ್ಲಿನ ಗಿರಾಕಿಯ ಜೇಬಿನ ಸುದ್ದಿ. ಅದನ್ನು ತಯಾರಿಸುವವರ ಜೇಬಿನ ಸುದ್ದಿ ಬೇರೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಕಾರ್ಖಾನೆ, ಆಗ ಅದು ವಿಸ್ಟ್ರಾನ್ ಕಂಪನಿಯ ಕೈಯಲ್ಲಿತ್ತು, ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬ ಸಿಟ್ಟಿನಲ್ಲಿ ಹಿಂಸೆಗೆ ತುತ್ತಾಗಿತ್ತು.

ಹಾಗಾದರೆ ಫೋನ್ ಮಾರಾಟ ಏನೂ ಹೇಳುವುದಿಲ್ಲವಾ? ಹೇಳುತ್ತದೆ. ಮೇಲಿನ ಕೆಲವು ಕೋಟಿ ಜನರ ಆದಾಯ ಗಟ್ಟಿಯಾಗಿದೆ, ಸಾಲ ಚಿಕ್ಕ ಊರುಗಳಿಗೂ ಸಲೀಸಾಗಿ ಹೋಗುತ್ತಿದೆ, ಹತ್ತು ವರ್ಷದ ಹಿಂದೆ ಕನಸಾಗಿದ್ದದ್ದು ಕೆಲವರ ಕೈಗೆ ಬಂದಿದೆ. ಇವೆಲ್ಲ ನಿಜ. ಉಳಿದವರ ಸ್ಥಿತಿ ಬೇಕಿದ್ದರೆ ಬೇರೆ ಸಂಖ್ಯೆಗಳನ್ನು ನೋಡಬೇಕು. ಸೋಪು, ಎಣ್ಣೆ, ಬಿಸ್ಕೆಟ್ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಕೊಡುವಾಗ ರೂಪಾಯಿ ಲೆಕ್ಕದ ಬೆಳವಣಿಗೆ ಬಿಟ್ಟು ಪ್ರಮಾಣದ ಬೆಳವಣಿಗೆ, ಅಂದರೆ ಮಾರಿದ ಮಾಲೇ ಎಷ್ಟು ಜಾಸ್ತಿಯಾಯಿತು, ಅಂತ ನೋಡಿ. ಬೆಲೆ ಏರಿಸಿ ವ್ಯಾಪಾರ ದೊಡ್ಡದು ಮಾಡಿದ್ದು ಅಲ್ಲಿ ಬಯಲಾಗುತ್ತದೆ. ದ್ವಿಚಕ್ರ ವಾಹನಗಳ ತಿಂಗಳ ಮಾರಾಟ ನೋಡಿ. ಬೆಲೆ ಏರಿಕೆ ಕಳೆದ ಮೇಲೆ ಹಳ್ಳಿಯ ಕೂಲಿ ಎಷ್ಟು ಏರಿತು ಅಂತ ನೋಡಿ. ಚಿನ್ನದ ಸಾಲವನ್ನೂ ನೋಡಿ. ಬ್ಯಾಂಕುಗಳ ಚಿನ್ನದ ಸಾಲದ ಬಾಕಿ 2024-25ರ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಚಿನ್ನದ ಬೆಲೆ ಏರಿದ್ದು, ಕೆಲವು ಸಾಲಗಳನ್ನು ಬೇರೆ ಗುಂಪಿನಿಂದ ಇದಕ್ಕೆ ಸೇರಿಸಿದ್ದು ಅದಕ್ಕೆ ಕಾರಣ ಹೌದು. ಆದರೂ ಮನೆಯ ಒಡವೆ ಬ್ಯಾಂಕಿಗೆ ಹೋಗುವ ವೇಗ ಗಮನಿಸಬೇಕಾದದ್ದೇ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಸರ್ಕಾರದ ಜಿಡಿಪಿ ವರದಿಯೇ. ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ಕೊನೆಗೆ ಅದು ಬರುತ್ತದೆ. ಅದರಲ್ಲಿ ಖಾಸಗಿ ಅಂತಿಮ ಬಳಕೆ ವೆಚ್ಚ ಅಂತ ಒಂದು ಸಾಲು ಇರುತ್ತದೆ. ದೇಶದ ಎಲ್ಲ ಮನೆಗಳ ಖರ್ಚು ಅದೊಂದರಲ್ಲಿ ಸೇರಿದೆ, ಜಿಡಿಪಿಯ ಸುಮಾರು ಶೇ 60 ಅದೇ. 2023-24ರಲ್ಲಿ ಆ್ಯಪಲ್ ಇಂಡಿಯಾದ ಆದಾಯ ಹಿಂದಿನ ವರ್ಷಕ್ಕಿಂತ ಸುಮಾರು ಶೇ 36 ಏರಿ 67,000 ಕೋಟಿ ರೂಪಾಯಿ ದಾಟಿತ್ತು. ಅದೇ ವರ್ಷಕ್ಕೆ 2024ರ ಮೇ ಕೊನೆಯಲ್ಲಿ ಬಂದ ವರದಿಯಲ್ಲಿ ಜಿಡಿಪಿ ಬೆಳವಣಿಗೆ ಶೇ 8.2 ಇತ್ತು, ಮನೆಗಳ ಖರ್ಚಿನ ಬೆಳವಣಿಗೆ ಬರೀ ಶೇ 4. ಮುಂದೆ ಎರಡೂ ಅಂಕಿಗಳನ್ನು ಪರಿಷ್ಕರಿಸಿ ಶೇ 9.2 ಮತ್ತು ಶೇ 5.6 ಅಂದರು. ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು.